ಎರಡು ಸುಳಿಗಳ ನಡುವಿನ ಬೈತಲೆ

ಡೊಂಬಿವಲಿ ಪೂರ್ವ,
ಗುರುವಾರ, 22 ನವೆಂಬರ್ 2012

ನನ್ನ ಮುದ್ದಿನ ಪ್ರಣೀತಾ,

ಹೇಗಿದ್ದಿ ಮಗಾ? ನಾಗಪುರದಲ್ಲಿ ಆಗಲೇ ಚಳಿ ಬಿದ್ದಿದೆ ಎಂದು ನಿನ್ನ ಅಮ್ಮ ಟಿವಿ ನೋಡಿ ಹೇಳಿದಳು. ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿ ಒದ್ದೆ ಕೂದಲನ್ನೇ ಕಟ್ಟಿಕೊಂಡು ಬ್ಯಾಂಕಿಗೆ ಓಡಬೇಡ. ನಿನ್ನ ಕೂದಲು ಒಣಗುವುದಕ್ಕೆ ಅರ್ಧ ದಿನ ಬೇಕು, ಅದು ನಿನ್ನ ಮ್ಯಾನೇಜರನಿಗೆ ಹೇಗೆ ಗೊತ್ತಿರಬೇಕು? ಭಾನುವಾರ ಮಾತ್ರ ಮೀಯು, ಹಾಸ್ಟೆಲಿನ ತಾರಸಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತುಕೋ. ಆ ಒಣಕೆಮ್ಮು ಹೋಯಿತೇ? ರಾತ್ರಿ ಊಟಕ್ಕೆ ಬರೀ ಬಿಸ್ಕತ್ತು ತಿಂದು ಮಲಗುವ ನಿನ್ನ ಅಭ್ಯಾಸ ನನಗೆ ಗೊತ್ತು, ಇಲ್ಲಿಂದಲೇ ಕಾಣುತ್ತದೆ. ನನ್ನ ಮೊಣಕಾಲಿನ ಕಥೆ ಮೊದಲಿನದೇ, ಕೂತರೆ ಏಳಲು ಕೇಳುವುದಿಲ್ಲ, ಎದ್ದರೆ ಕೂರಲು ಕೇಳುವುದಿಲ್ಲ. ಕಣ್ಣು ಮಾತ್ರ ದೇವರು ಚೆನ್ನಾಗಿಟ್ಟಿದ್ದಾನೆ, ಈ ಕಾಗದ ಕನ್ನಡಕವಿಲ್ಲದೆ ಬರೆಯುತ್ತಿದ್ದೇನೆ.

ಬರೆಯಲು ಹೇಳಿದವನು ನಿನ್ನ ಅಪ್ಪ. ಫೋನು ಮಾಡಿದರೆ ನೀನು ಎತ್ತುವುದಿಲ್ಲವಂತೆ, ಎತ್ತಿದರೂ "ಮೀಟಿಂಗ್‌ನಲ್ಲಿದ್ದೇನೆ ಪಪ್ಪಾ" ಎಂದು ಇಡುತ್ತೀಯಂತೆ. ಗಣಪತಿ ಹಬ್ಬಕ್ಕೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ನಿನ್ನೆ ಆಫೀಸಿನಿಂದ ಬಂದವನು ಶರ್ಟು ಬಿಚ್ಚುವ ಮೊದಲೇ, "ಅಮ್ಮ, ನೀನೇ ಒಂದು ಕಾಗದ ಹಾಕು ಮಾರಾಯ್ತಿ. ನಿನ್ನ ಕಾಗದ ಆದ್ರೆ ಅವಳು ಓದ್ತಾಳೆ. ಕೂದಲಿನ ವಿಷಯ ಎಲ್ಲ ನೀಟಾಗಿ ಬರೆದುಬಿಡು" ಎಂದ. ಹಾಗಾಗಿ ಅವನ ಮಾತನ್ನು ಮೊದಲು ಬರೆದು ಮುಗಿಸುತ್ತೇನೆ. ಡಿಸೆಂಬರ್ ಒಂಬತ್ತು, ಭಾನುವಾರ, ವಾಶಿಯಿಂದ ಒಂದು ಮನೆಯವರು ನಿನ್ನನ್ನು ನೋಡಲು ಬರುತ್ತಾರೆ. ಮೂಲ ಮೈಸೂರಿನವರು, ಹುಡುಗನಿಗೆ ಫೈನಾನ್ಸ್ ಕಂಪನಿಯಲ್ಲಿ ಕೆಲಸ, ಮನೆ ಸ್ವಂತದ್ದು. ಅವನ ತಾಯಿಗೆ ಉದ್ದ ಜಡೆಯ ಸೊಸೆ ಬೇಕಂತೆ, ಆದ್ದರಿಂದ ನೀನು ಅಷ್ಟರವರೆಗೆ ಕೂದಲಿಗೆ ಕತ್ತರಿ ತಾಗಿಸಬಾರದು. ನೌಪಾಡಾದಿಂದ ಒಬ್ಬ ಪಾರ್ಲರಿನವಳು ಬೆಳಿಗ್ಗೆಯೇ ಮನೆಗೆ ಬರುತ್ತಾಳೆ. ಆ ಹಿಂದಿನವಳಲ್ಲ, ಇವಳು ಹೆಚ್ಚು ಹುಷಾರು. ನೆತ್ತಿಯ ಮೇಲೆ ಪ್ಯಾಡ್ ಇಟ್ಟು, ಮೇಲಿನಿಂದ ಕೂದಲು ಹೊದಿಸಿ, ಸ್ಪ್ರೇ ಹೊಡೆದು, ಪಿನ್ನುಗಳನ್ನು ಒಳಗಿನಿಂದ ಸಿಕ್ಕಿಸುತ್ತಾಳಂತೆ. ಭೂಕಂಪವಾದರೂ ಬಿಚ್ಚುವುದಿಲ್ಲ ಎಂದು ನಿನ್ನ ಅಪ್ಪನಿಗೆ ಗ್ಯಾರಂಟಿ ಕೊಟ್ಟಿದ್ದಾಳೆ. ನೀನು ಶನಿವಾರ ರಾತ್ರಿಯ ಗಾಡಿ ಹಿಡಿದು ಬಾ ಎಂದು ಅವನ ಅಪ್ಪಣೆ. ಟಿಕೆಟು ಅವನೇ ಮಾಡಿಸಿ ಕಳಿಸುತ್ತಾನೆ.

ಇಷ್ಟಕ್ಕೆ ಒಂದು ಹಾಳೆ ಮುಗಿಯಿತು. ಅದನ್ನು ಅವನ ಕೈಗೆ ಕೊಟ್ಟೆ. ಮುನಿಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಓದಿದವನು, ಕನ್ನಡದ ಒಂದೊಂದು ಅಕ್ಷರವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಓದುತ್ತಾನೆ. ಹಾಳೆ ಮುಗಿಯುವಷ್ಟರಲ್ಲಿ ಚಹಾ ತಣ್ಣಗಾಯಿತು. "ಬಾಕಿ ಎಲ್ಲ ಕೂದಲಿಂದೇ ಅಲ್ವಾ? ಬರೆದು ಕವರಿಗೆ ಹಾಕು" ಎಂದು ಎದ್ದುಹೋದ. ಹೌದಪ್ಪ, ಕೂದಲಿನದ್ದೇ ಎಂದೆ. ಸುಳ್ಳಲ್ಲವಲ್ಲ. ನಿನಗೆ ಕನ್ನಡ ಓದಲು ಬಂದದ್ದೂ ಕೂದಲಿನಿಂದಲೇ. ಹಪ್ಪಳ ಕಟ್ಟಲು ತಂದ ಹಳೇ ಪೇಪರನ್ನು ನಿನ್ನ ಮಡಿಲಲ್ಲಿ ಹರಡಿ, ಹಿಂದೆ ಕೂತು ನಾನು ಸಿಕ್ಕು ಬಿಡಿಸುತ್ತಿದ್ದೆ. ಒಂದು ಸಾಲು ತಪ್ಪಿಲ್ಲದೆ ಓದಿದರೆ ಒಂದು ಸಿಕ್ಕನ್ನು ನೋಯಿಸದೆ ಬಿಡಿಸುತ್ತೇನೆ ಎಂದು ನಮ್ಮ ಒಪ್ಪಂದ. ತಪ್ಪಿದರೆ "ಆಯೀ ಗ" ಎಂದು ಮರಾಠಿಯಲ್ಲಿ ಕಿರುಚುತ್ತಿದ್ದೆ ನೀನು. ಇಡೀ ಕಟ್ಟಡದ ಮಕ್ಕಳಲ್ಲಿ ಕನ್ನಡ ಓದುವವಳು ನೀನೊಬ್ಬಳೇ ಆದೆ. ನಿನ್ನ ತಲೆಯಲ್ಲಿ ಅಷ್ಟು ಸಿಕ್ಕಿತ್ತು.

ಈಗ ನನ್ನ ಮಾತು. ಪಫ್ ಎನ್ನುತ್ತಾರಲ್ಲ, ನೆತ್ತಿಯ ಮೇಲೆ ಎಬ್ಬಿಸಿದ ಆ ಗೋಪುರ, ಅದು ನಿನಗೆ ಆಗುವುದಿಲ್ಲ. ಇದನ್ನು ಹೂ ಮುಡಿಸುವ ದಿನವೂ ಹೇಳಿದೆ, ಈಗಲೂ ಹೇಳುತ್ತೇನೆ. ನಿನ್ನದು ನಿನ್ನ ಅಜ್ಜನ ಮುಖ, ಉದ್ದ. ಹಣೆ ಅಗಲ, ಗದ್ದ ಚೂಪು. ಉದ್ದ ಮುಖದವಳ ನೆತ್ತಿಯ ಮೇಲೆ ಕೂದಲನ್ನು ಎಬ್ಬಿಸಿ ನಿಲ್ಲಿಸಿದರೆ ಮುಖ ಇನ್ನೂ ಎರಡು ಬೆರಳು ಉದ್ದವಾಗಿ ಕುದುರೆಯ ಹಾಗೆ ಕಾಣುತ್ತದೆ. ಬೈತಲೆ ತೆಗೆದು, ಕೂದಲನ್ನು ಕಿವಿಯ ಮೇಲಿಂದ ಸ್ವಲ್ಪ ಸಡಿಲವಾಗಿ ಇಳಿಸಿ, ಕತ್ತಿನ ಕುಳಿಯಲ್ಲಿ ಅಗಲವಾದ ತುರುಬು ಕಟ್ಟಬೇಕು. ಹೂವನ್ನು ಕೆಳಗೆ ಇಳಿಬಿಡಬಾರದು, ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಿನವರೆಗೆ ಅಡ್ಡಕ್ಕೆ ಮುಡಿಸಬೇಕು. ಆಗ ಮುಖ ತುಂಬಿಕೊಳ್ಳುತ್ತದೆ. ನೀನು ಎತ್ತರದವಳು, ಭುಜ ಕಿರಿದು. ಜಡೆ ಹಾಕಿದ ದಿನ ಅದನ್ನು ಬೆನ್ನಿಗೆ ನೇರ ಬಿಟ್ಟರೆ ಬಿದಿರುಗಳುವಿನ ಹಾಗೆ ಕಾಣುತ್ತಿ. ಸಡಿಲವಾಗಿ ಹೆಣೆದು ಎಡಭುಜದ ಮೇಲಿಂದ ಮುಂದಕ್ಕೆ ತಂದುಕೋ, ಎದೆಗೂ ಭುಜಕ್ಕೂ ತುಂಬು ಬರುತ್ತದೆ. ನಿನ್ನ ಅಮ್ಮನಿಗೆ ಇದೇ ಹೇಳಿದರೆ ತಪ್ಪು, ಅವಳು ಗಿಡ್ಡ, ಕತ್ತು ಮೊಟಕು, ಅವಳು ತುರುಬನ್ನು ಎತ್ತರಕ್ಕೆ ಕಟ್ಟಬೇಕು, ಕತ್ತು ಕಾಣಿಸಬೇಕು. ಒಬ್ಬಳಿಗೆ ಒಪ್ಪಿದ್ದು ಇನ್ನೊಬ್ಬಳಿಗೆ ಒಪ್ಪುವುದಿಲ್ಲ. ಪಾರ್ಲರಿನವರು ಮಾತ್ರ ಎಲ್ಲರಿಗೂ ಒಂದೇ ಗೋಪುರ ಕಟ್ಟುತ್ತಾರೆ.

ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ನೋಡಿ ಕಲಿತದ್ದು, ದೂರದಿಂದ ನೋಡಿ. ನಿನ್ನ ಅಜ್ಜ ಹೋದ ಮೇಲೆ ಮದುಮಗಳ ತಲೆಗೆ ಕೈಯಿಡುವ ಹಾಗಿರಲಿಲ್ಲ ನಾನು, ಹೂವಿನ ತಟ್ಟೆ ಮುಟ್ಟುವ ಹಾಗೂ ಇರಲಿಲ್ಲ. ಆದರೆ ಚಾಳಿನಲ್ಲಿ ಯಾವ ಮನೆಯ ಮದುವೆಯಾದರೂ ನನ್ನನ್ನು ಕರೆಯುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಒಂದು ಮಣೆ ಹಾಕಿ ಕೂರಿಸುತ್ತಿದ್ದರು. ಅಲ್ಲಿಂದ ನಾನು ಹೇಳುವುದು, ಅಕ್ಕು ಮಾಡುವುದು. ನನ್ನೊಡನೆ ಹಪ್ಪಳ ಲಟ್ಟಿಸುತ್ತಿದ್ದ ಅಕ್ಕು, ಈಗ ಠಾಕುರ್ಲಿಯಲ್ಲಿ ಮಗಳ ಜೊತೆ ಇದ್ದಾಳಲ್ಲ, ಅವಳೇ. "ಸ್ವಲ್ಪ ಎಡಕ್ಕೆ ಅಕ್ಕೂ. ಇಳಿಸು. ಇನ್ನೂ ಇಳಿಸು. ಬೈತಲೆ ಮೂಗಿನ ನೇರಕ್ಕೆ ಬೇಡ, ಹುಬ್ಬಿನ ನೇರಕ್ಕೆ." ಮದುಮಗಳು ಚೆಂದ ಕಂಡರೆ ಎಲ್ಲರೂ ಅಕ್ಕುವಿನ ಕೈಗುಣ ಎನ್ನುತ್ತಿದ್ದರು. ನನ್ನ ಬಾಯಿಗೆ ಒಂದು ಲೋಟ ಪಾನಕ ಸಿಗುತ್ತಿತ್ತು. ನನ್ನ ಕೈ ತಾಗಿದ ತಲೆ ಒಂದೇ, ನಿನ್ನದು. ಅದೂ ಮೊಮ್ಮಗಳೆಂದು, ಮದುಮಗಳಾಗುವವರೆಗೆ.

ನಿನಗೆ ಎರಡು ಸುಳಿ ಇದೆಯೆಂದು ಮೊದಲು ಕಂಡವಳು ನಾನು. ಎಣ್ಣೆ ಹಚ್ಚಿ ಮೀಸುವಾಗ, ನೆತ್ತಿಯ ಬಲಕ್ಕೊಂದು, ಎಡಕ್ಕೊಂದು, ಒಂದು ಹೀಗೆ ಸುತ್ತಿತ್ತು, ಇನ್ನೊಂದು ಹಾಗೆ. ಎಲ್ಲರ ತಲೆಯಲ್ಲೂ ಒಂದಿರುತ್ತದೆ, ನಿನಗೆ ಎರಡು, ಅಷ್ಟೇ. ಎರಡು ಸುಳಿಯವರಿಗೆ ಎರಡು ಮದುವೆ ಎಂದು ನಮ್ಮವರು ಆಡಿಕೊಳ್ಳುವುದು. ಗಂಡಿಗಿದ್ದರೆ ತಮಾಷೆಯ ಮಾತು, ನಕ್ಕು ಬಿಡುತ್ತಾರೆ. ಹೆಣ್ಣಿಗಿದ್ದರೆ ಮೊದಲನೆಯವನು ಏನಾದ ಎಂದು ಲೆಕ್ಕ ಹಾಕತೊಡಗುತ್ತಾರೆ.

ಹಿತೇಶನ ಮನೆಯವರು ಹಾಲ್‌ನಲ್ಲಿ ನಿನಗೆ ಹೂ ಮುಡಿಸಿ ಮದುವೆ ಗೊತ್ತುಮಾಡುವ ದಿನ ನಾನು ನಿನ್ನ ಅಪ್ಪನಿಗೆ ಏನು ಹೇಳಿದ್ದೆ, ನೆನಪಿದೆಯೇ? ಬಚ್ಚಿಡಬೇಡ, ಬೈತಲೆ ತೆಗೆದು ತುರುಬು ಕಟ್ಟಿಸು, ನೋಡುವವರು ನೋಡಲಿ, ಹುಡುಗಿ ಚೆಂದ ಕಾಣುತ್ತಾಳೆ ಎಂದೆ. ಅವನು ಕೇಳಲಿಲ್ಲ. ಸ್ಟೇಷನ್ ಹತ್ತಿರದ ಪಾರ್ಲರಿನ ಹುಡುಗಿಯನ್ನು ಹಾಲ್‌ಗೆ ಕರೆಸಿದ. ಬಾಗಿಲಿನಿಂದ ನಾನು ಎಷ್ಟು ಹೇಳಿದರೂ ಅವಳು, "ಆಜೀ, ಆಜ್‌ಕಾಲ್ ಪಫ್‌ಚ್ ಚಾಲ್ತೋ" ಎಂದು, ಈಗೆಲ್ಲ ಪಫ್ಫೇ ನಡೆಯುವುದು ಎಂದು ಮರಾಠಿಯಲ್ಲಿ ನಗುತ್ತಾ ನಿನ್ನ ನೆತ್ತಿಯ ಮೇಲೆ ಸ್ಪಂಜು ಇಟ್ಟಳು. ಆಮೇಲೆ ಆದದ್ದು ನಿನಗೆ ಗೊತ್ತು. ಹಿತೇಶನ ಸೋದರತ್ತೆ ಮಲ್ಲಿಗೆ ಹಿಡಿದುಕೊಂಡು ಬಂದಳು. ಊರಿನಿಂದ ಬಾಳೆಎಲೆಯಲ್ಲಿ ಕಟ್ಟಿ ತರಿಸಿದ ಮಲ್ಲಿಗೆ, ಸ್ಪ್ರೇ ಹೊಡೆದ ಕೂದಲ ಮೇಲೆ ಗಾಜಿನ ಮೇಲೆ ಇಟ್ಟ ಹಾಗೆ ಜಾರಿತು. ಎರಡು ಸಲ ಜಾರಿತು. "ಇದು ನಿಲ್ಲುದಿಲ್ಲ ಮಾರಾಯ್ತಿ" ಎಂದು ಅವಳು ಪಿನ್ನು ಕಿತ್ತಳು, ಗೋಪುರ ಕುಸಿಯಿತು, ಸ್ಪಂಜು ಹೋಗಿ ಅರಸಿನ ಕುಂಕುಮದ ತಟ್ಟೆಗೆ ಬಿತ್ತು. "ಎಂತ ಹೆಣ್ಣೇ ಇದು, ಪಾತ್ರೆ ತಿಕ್ಕುದಾ?" ಎಂದು ಅವಳು ಕೇಳಿದಾಗ ಹಾಲ್‌ಗೆ ಹಾಲೇ ನಕ್ಕಿತು. ಆಮೇಲೆ ಎರಡು ಬೆರಳು ಹಾಕಿ ನಿನ್ನ ನೆತ್ತಿಯನ್ನು ಬಿಡಿಸಿದಳು, ತೆಂಗಿನಕಾಯಿಯ ಕಣ್ಣು ನೋಡುವ ಹಾಗೆ. "ಹೋ, ಅದಕ್ಕಾ ಮುಚ್ಚಿದ್ದು? ಅಣ್ಣ, ಇಲ್ಲಿ ಬನ್ನಿ, ಎರಡುಂಟು." ಹಿತೇಶ ಏನು ಮಾಡಿದ? ಕೆರ್ಚೀಫ್ ತೆಗೆದು ಮೊಬೈಲಿನ ಗಾಜು ಒರೆಸಿದ. ಎರಡು ವರ್ಷ ಥಾಣೆ ಸ್ಟೇಷನ್ನಿನ ಹೊರಗೆ ನಿನ್ನ ಗಾಡಿಗೆ ಕಾಯುತ್ತಿದ್ದ ಹುಡುಗ! ನಿನ್ನ ಅಮ್ಮ ವೇದಾವತಿ ನಿನ್ನನ್ನು ಎಬ್ಬಿಸಿ ಆ ಸಣ್ಣ ಕೋಣೆಗೆ ಕರೆದುಕೊಂಡು ಹೋದಳು.

ಅಲ್ಲಿಂದ ಮುಂದಿನದು ನಿನಗೆ ನಿನ್ನ ಅಪ್ಪ ಹೇಳಿದ್ದಷ್ಟೇ ಗೊತ್ತು. ಅಜ್ಜಿ ಬಾಯಿ ಹಾಕಿ ಕೆಡಿಸಿದಳು ಎಂದು. ನೀನದನ್ನು ನಂಬಿದ್ದಿ. ನಂಬದಿದ್ದರೆ ನಾಗಪುರಕ್ಕೆ ಹೊರಡುವ ದಿನ ನನ್ನ ಮುಂದೆಯೇ ಹಾದು ಚಪ್ಪಲಿ ಹಾಕಿಕೊಂಡು, ತಲೆ ಸಹ ಬಾಚದೆ, ಕೂದಲನ್ನು ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಹೋಗುತ್ತಿರಲಿಲ್ಲ. ಬಾಚಣಿಗೆ ಹಿಡಿದುಕೊಂಡು ಕೂತಿದ್ದೆ ನಾನು. ಇರಲಿ. ಆದದ್ದು ಇಷ್ಟು. ಅವರ ಕಡೆಯವರು ಒಂದು ಮೂಲೆಗೆ ಸೇರಿ ಗುಸುಗುಸು ಶುರುಮಾಡಿದರು. ನಿನ್ನ ಅಪ್ಪ ಕೈ ಜೋಡಿಸಿಕೊಂಡು ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತಿದ್ದ. ನನಗೆ ತಡೆಯಲಿಲ್ಲ. ಬಾಗಿಲಿನ ಮಣೆ ಬಿಟ್ಟು ಎದ್ದೆ. ಹೂ ಮುಡಿಸಲು ಹಾಕಿದ್ದ ಹಾಸಿನ ನಡುವೆ ಹೋಗಿ ನಿಂತು, ನನ್ನ ಬಿಳಿ ತುರುಬು ಬಿಚ್ಚಿದೆ. ತಲೆ ತಗ್ಗಿಸಿ ಆ ಸೋದರತ್ತೆಗೆ ತೋರಿಸಿದೆ. "ನೋಡಮ್ಮ, ನನಗೂ ಎರಡಿದೆ. ನನಗೆ ಎಪ್ಪತ್ತು ದಾಟಿತು. ಮದುವೆ ಒಂದೇ ಆದದ್ದು. ಸುಳಿ ನೋಡಿ ಹೆಣ್ಣನ್ನು ಬಿಡಬೇಡಿ" ಎಂದೆ.

ಹೌದು ಮಗಾ, ನನಗೂ ಎರಡು. ನೀನು ನನ್ನ ತಲೆಗೆ ಎಣ್ಣೆ ಹಚ್ಚಿದವಳಲ್ಲ, ಹಚ್ಚಿಸಿಕೊಂಡವಳು, ಅದಕ್ಕೇ ನೋಡಿಲ್ಲ. ಅವಳು ಬಗ್ಗಿ ನೋಡಿದಳು. ಜೋರು ಮಾಡಿದ್ದರೆ ನನಗೂ ಬಾಯಿತ್ತು. ಮಾಡಲಿಲ್ಲ. ಬಹಳ ಮೆಲ್ಲಗೆ, ಸೊಂಟಕ್ಕೆ ಕೈ ಕೊಟ್ಟು ನನ್ನನ್ನು ನೆಟ್ಟಗೆ ನಿಲ್ಲಿಸಿ, "ಅಜ್ಜಿ, ನಿಮ್ಮ ಯಜಮಾನರು ಮದುವೆಯಾಗಿ ಎಷ್ಟು ವರ್ಷ ಇದ್ದರು?" ಎಂದು ಕೇಳಿದಳು. ನಾನು ನಾಲ್ಕು ಎಂದೆ. ಅವಳು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು, ಅಷ್ಟೇ. ನಿನ್ನ ಪರ ಸಾಕ್ಷಿ ಹೇಳಲು ಹೋದ ನನ್ನ ತಲೆ ಅವರ ಕಡೆಯ ಸಾಕ್ಷಿಯಾಯಿತು. ನಿನ್ನ ಅಜ್ಜನನ್ನು ಕೊಂಡೊಯ್ದ ಕಾಮಾಲೆಗೂ ನನ್ನ ಕೂದಲಿಗೂ ಗಂಟು ಹಾಕಿ ಎದ್ದುಬಿಟ್ಟರು.

ಎದ್ದರು ಎಂದೆನಲ್ಲ, ಎದ್ದದ್ದು ಊಟದ ಹಾಲ್‌ಗೆ. ಉಂಡೇ ಹೋದರು. ಹೋಳಿಗೆಗೆ ತುಪ್ಪ ಸಾಲದು ಎಂದು ಕರೆದು ಬಡಿಸಿಕೊಂಡರು. ಆ ಸೋದರತ್ತೆ ಎಲೆಯಡಿಕೆ ಹಾಕಿಕೊಂಡು, ಹೋಗುವಾಗ ತಾನು ತಂದಿದ್ದ ಮಲ್ಲಿಗೆಯನ್ನೂ ಎತ್ತಿಕೊಂಡು ಹೋದಳು. ನೀನು ಕೋಣೆಯಲ್ಲಿ ಅಳುತ್ತಿದ್ದೆ, ನಿನ್ನ ಅಪ್ಪ ಅವರ ಎಲೆಗಳ ನಡುವೆ "ಇನ್ನೊಂದು ಹಾಕಿಸಿಕೊಳ್ಳಿ" ಎನ್ನುತ್ತಿದ್ದ. ಅವನನ್ನು ಏನೆನ್ನಲಿ? ಆ ರಾತ್ರಿ ನನಗೆ ಹೇಳಿದ್ದು, "ಅಮ್ಮ, ನಾನು ಹ್ಯಾಂಡಲ್ ಮಾಡ್ತಿದ್ದೆ. ಭಟ್ಟರಿಗೆ ಹೇಳಿ ಒಂದು ಶಾಂತಿ ಮಾಡಿಸಿದ್ರೆ ಮುಗೀತಿತ್ತು. ನಿನ್ನ ತಲೆ ಯಾರು ಕೇಳಿದ್ರು?" ಮೂರು ವರ್ಷದವನಿದ್ದಾಗಿನಿಂದ ಈ ತಲೆಯೇ ಅವನನ್ನು ಸಾಕಿದ್ದು. ಹಿತೇಶನಿಗೆ ಕಳೆದ ತಿಂಗಳು ಮದುವೆಯಾಯಿತು, ನಿನಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅಕ್ಕು ಹೋಗಿದ್ದಳು. ಹುಡುಗಿಯ ಪಫ್ ನಿನ್ನದಕ್ಕಿಂತ ಎತ್ತರ ಇತ್ತಂತೆ. ಒಳಗೇನಿತ್ತೋ, ಈ ಸಲ ಯಾರೂ ಕಿತ್ತು ನೋಡಲಿಲ್ಲ.

ನನ್ನ ಹೊಟ್ಟೆಯೊಳಗೆ ಇನ್ನೊಂದು ಮಾತಿದೆ, ಯಾರ ಹತ್ತಿರವೂ ಆಡಿದ್ದಲ್ಲ. ಎರಡು ಸುಳಿಗೆ ಎರಡು ಮದುವೆ ಎನ್ನುತ್ತಾರಲ್ಲ, ನನಗೆ ಎರಡನೆಯದು ಬಂದಿತ್ತು. ನಿನ್ನ ಅಜ್ಜನ ಜೊತೆ ನೌಪಾಡಾದ ಹೋಟೆಲಿನಲ್ಲಿದ್ದ ಒಬ್ಬರು, ಮೆಲ್ಲಗೆ ಮಾತಾಡುವವರು, ಅಕ್ಕುವಿನ ಗಂಡನ ಮೂಲಕ ಕೇಳಿಸಿದ್ದರು. ಮಗುವನ್ನೂ ನೋಡಿಕೊಳ್ಳುತ್ತೇನೆ ಎಂದಿದ್ದರು. ನನಗೆ ಆಗ ಇಪ್ಪತ್ತಮೂರು. ನನ್ನ ಅಣ್ಣ ಊರಿನಿಂದ ಬಸ್ಸು ಹತ್ತಿ ಬಂದು, ನಮ್ಮ ಮನೆತನದಲ್ಲಿ ಇದೆಲ್ಲ ಇಲ್ಲ ಎಂದು ಹೇಳಿ, ಅದೇ ಬಸ್ಸಿಗೆ ವಾಪಸು ಹೋದ. ನನ್ನನ್ನು ಕೇಳಲೂ ಇಲ್ಲ. ಸುಳಿಯ ಮಾತನ್ನು ಅಷ್ಟು ನಂಬುವವರು, ಅದು ನಿಜವಾಗಲು ಬಾಗಿಲಿಗೆ ಬಂದಾಗ ಅಡ್ಡ ನಿಂತರಲ್ಲ! ಗಂಡನನ್ನು ಕಳೆದುಕೊಳ್ಳುವುದಕ್ಕೆ ಮಾತ್ರ ಸುಳಿ ಬೇಕು ಇವರಿಗೆ. ಇದನ್ನು ನಿನಗೆ ಯಾಕೆ ಬರೆದೆನೋ ಗೊತ್ತಿಲ್ಲ. ಕೂದಲಿನ ವಿಷಯವೇ ಅಲ್ಲವೇ, ನಿನ್ನ ಅಪ್ಪನೇ ಬರೆ ಎಂದಿದ್ದಾನೆ.

ನಿನ್ನ ಅಮ್ಮನಿಗೆ ನಿನ್ನ ಮೇಲೆ ಸಿಟ್ಟಿಲ್ಲ, ದಿನಾ ನಿನ್ನ ಮಂಚದ ಹಾಸಿಗೆ ಕೊಡವುತ್ತಾಳೆ. ಅಪ್ಪನ ಬಿಪಿ ಏರಿಳಿತದಲ್ಲಿದೆ, ಅವನೂ ಕೆಟ್ಟವನಲ್ಲ, ಹೆದರುಪುಕ್ಕಲ. ಕೊಬ್ಬರಿ ಎಣ್ಣೆಗೆ ಕರಿಬೇವು ಹಾಕಿ ಕಾಯಿಸಿಟ್ಟಿದ್ದೇನೆ, ಬಾಟಲಿ ನಿನ್ನ ಕೈ ಸೇರುವ ದಿನ ಬರಲಿ. ನಿನ್ನ ಕೆಮ್ಮು ಹೋಗಲಿ, ಹೊಟ್ಟೆ ತುಂಬಿರಲಿ, ತಲೆ ತಂಪಾಗಿರಲಿ. ಹಾಸ್ಟೆಲಿನ ನಿನ್ನ ಕೋಣೆಯ ಹುಡುಗಿಗೂ ನನ್ನ ಆಶೀರ್ವಾದ ಹೇಳು.

ಇತಿ, ನಿನ್ನ ಸಿಕ್ಕು ಬಿಡಿಸಿದವಳು,
ಬಾಲಮ್ಮ ಅಜ್ಜಿ

ತಾ. ಕ.: ನಿನ್ನ ಅಪ್ಪ ಸ್ನಾನಕ್ಕೆ ಹೋಗಿದ್ದಾನೆ, ಗೋಂದು ಹುಡುಕುವ ನೆಪದಲ್ಲಿ ಬೇಗ ಬೇಗ ಬರೆಯುತ್ತಿದ್ದೇನೆ. ಆ ಭಾನುವಾರ ನಾನು ಮನೆಯಲ್ಲಿ ಇರುವುದಿಲ್ಲ. ಅಜ್ಜಿ ಊರಿನಲ್ಲಿದ್ದಾರೆ ಎಂದು ವಾಶಿಯವರಿಗೆ ಹೇಳಿಯಾಗಿದೆ. ನನ್ನನ್ನು ನೋಡಿದರೆ ಹಾಲ್‌ನ ಕಥೆ ಎದ್ದೀತು ಎಂದು ಹೆದರಿಕೆ, ಶನಿವಾರವೇ ಅಕ್ಕುವಿನ ಮನೆಗೆ ಸಾಗಿಸುತ್ತಾರೆ. ನಿನಗೆ ಪ್ಯಾಡು, ನನಗೆ ಠಾಕುರ್ಲಿ. ಆಗಲಿ ಎಂದೆ. ಯಾಕೆಂದರೆ ನಾಗಪುರದ ಗಾಡಿ ಬೆಳಿಗ್ಗೆ ಕಲ್ಯಾಣದಲ್ಲಿ ನಿಲ್ಲುತ್ತದೆ, ಅಲ್ಲಿಂದ ಲೋಕಲ್ ಹತ್ತಿದರೆ ಡೊಂಬಿವಲಿಗಿಂತ ಮೊದಲು ಠಾಕುರ್ಲಿ ಬರುತ್ತದೆ. ಅಲ್ಲಿ ಇಳಿ. ಅಪ್ಪನಿಗೆ ಗಾಡಿ ಲೇಟು ಎನ್ನು. ಅಕ್ಕುವಿನ ಮನೆಯಲ್ಲಿ ಮಣೆ ಹಾಕಿಕೊಂಡು ಕೂತಿರುತ್ತೇನೆ, ಬಾಗಿಲಲ್ಲಿ ಅಲ್ಲ, ನಡುಮನೆಯಲ್ಲಿ. ನಿನ್ನ ಎರಡು ಸುಳಿಗಳ ನಡುವೆಯೇ ಬೈತಲೆ ತೆಗೆಯುತ್ತೇನೆ, ಎರಡೂ ಕಾಣುವ ಹಾಗೆ. ಕತ್ತಿನ ಕುಳಿಯಲ್ಲಿ ಅಗಲ ತುರುಬು. ಹೂವನ್ನು ಈ ಸಲ ಅಕ್ಕು ಮುಡಿಸುವುದಿಲ್ಲ, ನಾನೇ ಮುಡಿಸುತ್ತೇನೆ. ಆಮೇಲೆ ನಿನ್ನಿಷ್ಟ, ಮನೆಗೆ ಹೋಗು, ಇಲ್ಲ ಸಂಜೆಯ ಗಾಡಿಗೆ ನಾಗಪುರಕ್ಕೆ ತಿರುಗು. ಹೋಗುವುದಾದರೆ ಅದೇ ತಲೆಯಲ್ಲಿ ಹೋಗು. ಎದ್ದುಹೋಗುವವರು ಈ ಸಲ ಊಟಕ್ಕೆ ಮೊದಲೇ ಏಳಲಿ. ನೀರು ನಿಂತಿತು, ಅವನು ಹೊರಗೆ ಬಂದ.